23ನೆಯ ಕೀರ್ತನೆ: ಹೀಬ್ರೂ ಪದಗಳ ಜಾಡು ಹಿಡಿದು ಓದುವ ಬಗೆ

ಕನ್ನಡದಲ್ಲಿ ಬೈಬಲ್ ಓದುವವರಲ್ಲಿ 23ನೆಯ ಕೀರ್ತನೆ ಬಾಯಿಪಾಠ ಇಲ್ಲದವರು ಕಡಿಮೆ. ಬಾಯಿಪಾಠ ಆಗಿರುವುದೇ ತೊಡಕು. ನಾಲಿಗೆ ಮುಂದೆ ಓಡುತ್ತದೆ, ಮನಸ್ಸು ಎಲ್ಲೂ ನಿಲ್ಲುವುದಿಲ್ಲ. ಮೂಲದ ಹೀಬ್ರೂ ಪದಗಳನ್ನು ಒಂದೊಂದಾಗಿ ಎತ್ತಿ ನೋಡಿದರೆ ಈ ಓಟ ತಾನಾಗಿ ನಿಧಾನವಾಗುತ್ತದೆ. ಅದಕ್ಕೆ ಹೀಬ್ರೂ ಪಂಡಿತರಾಗಬೇಕಿಲ್ಲ. ಇರುವುದು ಆರೇ ವಚನ, ತಲೆಬರಹ ಬಿಟ್ಟರೆ 55 ಪದ. ದಿನಕ್ಕೆ ಒಂದು ವಚನ, ಮುಕ್ಕಾಲು ಗಂಟೆಯಂತೆ ಕೂತರೆ ವಾರದೊಳಗೆ ಮುಗಿಯುತ್ತದೆ.

ಹೀಬ್ರೂ ಪದದೊಳಗೆ ಏನೋ ಗುಟ್ಟು ಅಡಗಿದೆ, ಅನುವಾದಕರು ಅದನ್ನು ಮುಚ್ಚಿಟ್ಟಿದ್ದಾರೆ ಎಂದುಕೊಂಡು ಹೊರಟವರು ಮಾತ್ರ ದಾರಿ ತಪ್ಪುತ್ತಾರೆ. ಈ ಪದ ಬೇರೆಲ್ಲಿ ಬಂದಿದೆ, ಯಾರ ಬಾಯಲ್ಲಿ, ಯಾವ ಪದಗಳ ಜೊತೆಯಲ್ಲಿ ಎಂದು ಹುಡುಕುವುದೇ ಇಲ್ಲಿನ ಮುಕ್ಕಾಲು ಪಾಲು ಕೆಲಸ. ಹೊಸಬರ ಬಗ್ಗೆ ಊರಿನಲ್ಲಿ ವಿಚಾರಿಸುವ ಹಾಗೆ.

ಬೇಕಾಗುವ ಸಾಮಾನು

ಎರಡು ಕನ್ನಡ ಅನುವಾದಗಳು ಬೇಕು. ಒಂದು 'ಯೆಹೋವ' ಎಂದು ಬರೆಯುವ ಹಳೆಯ ಪ್ರತಿ, ಇನ್ನೊಂದು ಈಚಿನ ಸರಳ ಅನುವಾದ. ಎರಡೂ ಒಂದೇ ಪದವನ್ನು ಬೇರೆಬೇರೆಯಾಗಿ ಹೇಳಿರುವ ಕಡೆ ಮೂಲದಲ್ಲಿ ಏನೋ ಇದೆ ಎಂದರ್ಥ. ಆ ಜಾಗಗಳಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ.

ಎರಡನೆಯದು, ಪ್ರತಿ ಪದದ ಕೆಳಗೆ ಹೀಬ್ರೂ ಪದವನ್ನೂ ಅದರ ಸಂಖ್ಯೆಯನ್ನೂ ತೋರಿಸುವ ತಾಣ. ಬ್ಲೂ ಲೆಟರ್ ಬೈಬಲ್, ಕೇಂಬ್ರಿಡ್ಜ್‌ನ ಟಿಂಡೇಲ್ ಹೌಸ್‌ನವರ ಸ್ಟೆಪ್ ಬೈಬಲ್ ಎರಡೂ ಉಚಿತ. ಇಂಗ್ಲಿಷ್ ಅಷ್ಟಾಗಿ ಬಾರದಿದ್ದರೂ ನಡೆಯುತ್ತದೆ. ಅವು ಕೊಡುವ ಪಟ್ಟಿಯಲ್ಲಿ ನಿಮಗೆ ಬೇಕಾದದ್ದು ಪುಸ್ತಕದ ಹೆಸರು, ಅಧ್ಯಾಯ, ವಚನದ ಅಂಕಿ ಮಾತ್ರ. ಆ ವಚನವನ್ನು ನಿಮ್ಮ ಕನ್ನಡ ಬೈಬಲಿನಲ್ಲಿ ತೆರೆದರಾಯಿತು.

ಆ ಸಂಖ್ಯೆಗಳು ಜೇಮ್ಸ್ ಸ್ಟ್ರಾಂಗ್ 1890ರಲ್ಲಿ ಪ್ರಕಟಿಸಿದ ಪದಸೂಚಿಯಿಂದ ಬಂದವು. ಹೀಬ್ರೂ ಪದಗಳಿಗೆ 1ರಿಂದ 8674ರವರೆಗೆ ಅಂಕಿ ಕೊಡಲಾಗಿದೆ. ಗ್ರೀಕ್ ಪದಗಳಿಗೆ ಮತ್ತೆ 1ರಿಂದ ಬೇರೆ ಎಣಿಕೆ. ಹಾಗಾಗಿ ಸಂಖ್ಯೆ ಬರೆದುಕೊಳ್ಳುವಾಗ 'ಹೀ' ಎಂದು ಮುಂದೆ ಸೇರಿಸಿ. ಇಲ್ಲವಾದರೆ 389 ಹುಡುಕಲು ಹೋಗಿ ಹೊಸ ಒಡಂಬಡಿಕೆಯ ಯಾವುದೋ ಗ್ರೀಕ್ ಕ್ರಿಯಾಪದದ ಮುಂದೆ ನಿಂತಿರುತ್ತೀರಿ. ಸ್ಟ್ರಾಂಗ್ ಕೊಟ್ಟಿರುವ ಅರ್ಥಗಳು ತೀರ ಚುಟುಕು. ಅವು ಹೆಚ್ಚಾಗಿ ಹಳೆಯ ಇಂಗ್ಲಿಷ್ ಅನುವಾದದಲ್ಲಿ ಆ ಪದ ಹೇಗೆಲ್ಲ ಬಂದಿದೆ ಎಂಬ ಪಟ್ಟಿ. ನಿಘಂಟಿಗೆ 1906ರ ಬ್ರೌನ್, ಡ್ರೈವರ್, ಬ್ರಿಗ್ಸ್ ಅವರದನ್ನು ನೋಡಿ. ಹಳೆಯದಾದರೂ ಅದು ಪ್ರತಿ ಅರ್ಥಕ್ಕೂ ವಚನಗಳ ಆಧಾರ ಕೊಡುತ್ತದೆ, ಮೇಲೆ ಹೇಳಿದ ತಾಣಗಳಲ್ಲಿ ಸಿಗುತ್ತದೆ.

ಕೊನೆಯದಾಗಿ ಗೆರೆಯ ನೋಟ್‌ಬುಕ್. ಪದಕ್ಕೊಂದು ಪುಟ. ಮೇಲೆ ಪದ, ಸಂಖ್ಯೆ, ರೂಪ. ನಡುವೆ ಆ ಪದ ಬಂದಿರುವ ಐದಾರು ವಚನ. ಕೆಳಗೆ ನಿಮಗೆ ತೋಚಿದ ಮೂರು ಕನ್ನಡ ಪದ. ಮೂರು ಯಾಕೆಂದರೆ ಮೊದಲು ತೋಚುವುದು ಯಾವಾಗಲೂ ಬಾಯಿಪಾಠದ ಪದವೇ.

ಕನ್ನಡ ಲಿಪಿಯಲ್ಲಿ ಬರೆಯುವಾಗಿನ ಎಡವಟ್ಟು

ಹೀಬ್ರೂವಿನಲ್ಲಿ 22 ಅಕ್ಷರ, ಎಲ್ಲವೂ ವ್ಯಂಜನ. ಅವುಗಳಲ್ಲಿ ಕೆಲವು ಕನ್ನಡ ಲಿಪಿಗೆ ಬಂದಾಗ ಒಂದರಲ್ಲೊಂದು ಕಲಸಿಹೋಗುತ್ತವೆ. 'ಹೇ' ಮತ್ತು 'ಹೇತ್' ಎರಡೂ ನಮ್ಮಲ್ಲಿ 'ಹ'. 'ಅಲೆಫ್' ಮತ್ತು 'ಅಯಿನ್' ಎರಡೂ ಬರೀ ಸ್ವರ. ಪರಿಣಾಮ ನೋಡಿ: ಈ ಕೀರ್ತನೆಯ ಎರಡನೆಯ ವಚನದ 'ನಾಹಲ್' (5095) ಎಂದರೆ ಮೆಲ್ಲನೆ ನಡೆಸಿಕೊಂಡು ಹೋಗು. 'ನಹಲ್' (5158) ಎಂದರೆ ಹಳ್ಳ. ಅಕ್ಷರ ಬೇರೆ, ಸಂಬಂಧವಿಲ್ಲ. ಪಕ್ಕದಲ್ಲಿ 'ನೀರು' ಎಂದಿರುವುದನ್ನು ಕಂಡು ಎರಡನ್ನೂ ಗಂಟು ಹಾಕಿ ಪ್ರಸಂಗ ಮಾಡುವವರಿದ್ದಾರೆ. 'ರಾಆ' ಇನ್ನೂ ಮೋಸಗಾರ. ಅಯಿನ್ ಇರುವ 'ರಾಆ' (7462) ಮೇಯಿಸು, ಅಲೆಫ್ ಇರುವ 'ರಾಆ' (7200) ನೋಡು, ನಾಲ್ಕನೆಯ ವಚನದ 'ರಾ' (7451) ಕೇಡು. ಕಿವಿಯನ್ನು ನಂಬಬೇಡಿ, ಸಂಖ್ಯೆಯನ್ನು ನಂಬಿ. ಉಚ್ಚಾರಣೆ ಕೇಳಬೇಕೆನಿಸಿದರೆ ಮೆಖೋನ್ ಮಮ್ರೆ ತಾಣದಲ್ಲಿ ಅಧ್ಯಾಯವಾರು ಹೀಬ್ರೂ ವಾಚನ ಇದೆ.

ವಚನದ ಅಂಕಿಯೂ ಕೆಲವೊಮ್ಮೆ ಜಾರುತ್ತದೆ. ಹೀಬ್ರೂ ಪ್ರತಿಗಳು ಕೀರ್ತನೆಯ ತಲೆಬರಹವನ್ನೂ ವಚನವಾಗಿ ಎಣಿಸುವುದರಿಂದ 51ನೆಯ ಕೀರ್ತನೆಯಲ್ಲಿ ಎರಡು ಅಂಕಿ, ಇನ್ನು ಹಲವೆಡೆ ಒಂದು ಅಂಕಿ ವ್ಯತ್ಯಾಸ ಬರುತ್ತದೆ. 23ರಲ್ಲಿ ಆ ಕಾಟವಿಲ್ಲ. ಆದರೆ ಹಳೆಯ ಗ್ರೀಕ್ ಅನುವಾದದಲ್ಲಿ ಇದೇ ಕೀರ್ತನೆ 22ನೆಯದು. ಕೆಳಗೆ ಕೊಟ್ಟಿರುವುದೆಲ್ಲ ಕನ್ನಡ ಬೈಬಲಿನ ಅಂಕಿ.

ಕೆಲಸದ ಕ್ರಮ

ಮೊದಲ ದಿನ ಯಾವ ತಾಣವನ್ನೂ ತೆರೆಯಬೇಡಿ. ಕೀರ್ತನೆಯನ್ನು ಕೈಯಲ್ಲಿ ನಕಲು ಮಾಡಿ, ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. ಹೀಬ್ರೂ ಕಾವ್ಯದಲ್ಲಿ ಭಾರ ಹೊರುವುದು ಕ್ರಿಯಾಪದ. ಆಮೇಲೆ ಹತ್ತು ಹನ್ನೆರಡು ಪದ ಆರಿಸಿಕೊಳ್ಳಿ. 55ನ್ನೂ ಹಿಡಿದರೆ ಮೂರನೆಯ ದಿನಕ್ಕೆ ಬೇಸತ್ತು ಬಿಡುತ್ತೀರಿ.

ಪ್ರತಿ ಪದಕ್ಕೂ ಸಂಖ್ಯೆ ಹುಡುಕಿದ ಕೂಡಲೆ ರೂಪವನ್ನು ನೋಡಿ. ಸಂಖ್ಯೆ ಹೇಳುವುದು ಧಾತುವನ್ನು ಮಾತ್ರ. ಆ ಧಾತು ಇಲ್ಲಿ ಯಾವ ಅಚ್ಚಿನಲ್ಲಿ ಬಂದಿದೆ ಎಂಬುದು ಬೇರೆ ಸಂಗತಿ. ಕನ್ನಡಿಗರಿಗೆ ಇದು ಸುಲಭ: ಮಲಗು, ಮಲಗಿಸು. ನಮ್ಮ 'ಇಸು' ಮಾಡುವ ಕೆಲಸವನ್ನು ಹೀಬ್ರೂವಿನಲ್ಲಿ 'ಹಿಫೀಲ್' ಎಂಬ ಅಚ್ಚು ಮಾಡುತ್ತದೆ. 'ಪಿಯೇಲ್' ಎಂಬ ಇನ್ನೊಂದು ಅಚ್ಚಿನಲ್ಲಿ ಅದೇ ಧಾತುವಿನ ಅರ್ಥ ಒಮ್ಮೊಮ್ಮೆ ದೂರ ಸರಿಯುತ್ತದೆ. ನಾಲ್ಕನೆಯ ವಚನದ 'ನಾಹಮ್' (5162) ಪಿಯೇಲ್‌ನಲ್ಲಿ ಸಂತೈಸು, ಬೇರೊಂದು ಅಚ್ಚಿನಲ್ಲಿ ಮನಸ್ಸು ಬದಲಿಸು, ಪಶ್ಚಾತ್ತಾಪಪಡು. ನಿಘಂಟಿನ ಎಲ್ಲ ಅರ್ಥಗಳನ್ನೂ ಒಂದೇ ವಚನದ ಮೇಲೆ ಸುರಿಯಬಾರದು ಎನ್ನುವುದು ಇದಕ್ಕೇ. 'ಬಸ್ಸು ಹಿಡಿದೆ' ಎಂದರೆ ಮಳೆ ಹಿಡಿದದ್ದೂ ಹುಚ್ಚು ಹಿಡಿದದ್ದೂ ಅದರಲ್ಲಿ ಸೇರುವುದಿಲ್ಲವಲ್ಲ.

ಇನ್ನೊಂದು ತಪ್ಪು ವ್ಯುತ್ಪತ್ತಿಯದು. ಪ್ರವೀಣ ಎಂದರೆ ವೀಣೆಯಲ್ಲಿ ನುರಿತವನು ಎಂದು ನಮ್ಮ ಆಲಂಕಾರಿಕರೇ ಹೇಳಿದ್ದಾರೆ. ಆದರೆ ಅಡುಗೆಯಲ್ಲಿ ಪ್ರವೀಣೆ ಎಂದಾಗ ಒಲೆಯ ಪಕ್ಕ ಯಾರೂ ವೀಣೆ ಹುಡುಕುವುದಿಲ್ಲ. ಹೀಬ್ರೂ ಧಾತುಗಳ ಬಗ್ಗೆಯೂ ಇಷ್ಟೇ ಎಚ್ಚರ ಸಾಕು. ಜೇಮ್ಸ್ ಬಾರ್ 1961ರಲ್ಲಿ ಬೈಬಲ್ ವಿದ್ವಾಂಸರನ್ನು ತರಾಟೆಗೆ ತೆಗೆದುಕೊಂಡದ್ದು ಈ ಚಟಕ್ಕಾಗಿಯೇ.

ಇನ್ನು ವಚನಗಳಿಗೆ ಬರೋಣ.

ಮೇಯಿಸುವವನು

ಮೊದಲ ಸಾಲಿನಲ್ಲಿ ನಾಲ್ಕೇ ಪದ: ಯೆಹೋವ, ರೋಯಿ, ಲೋ, ಎಹ್ಸಾರ್. ಮೊದಲನೆಯದು ಯೋದ್, ಹೇ, ವಾವ್, ಹೇ ಎಂಬ ನಾಲ್ಕು ಅಕ್ಷರಗಳ ಹೆಸರು. ಯೆಹೂದ್ಯರು ಅದನ್ನು ಉಚ್ಚರಿಸದೆ 'ಅದೋನಾಯ್' (ಒಡೆಯ) ಎಂದು ಓದುತ್ತಾರೆ. ಆ ಓದಿನ ಸ್ವರಗಳನ್ನು ಈ ವ್ಯಂಜನಗಳಿಗೆ ಸೇರಿಸಿ ಓದಿದ್ದರಿಂದ 'ಯೆಹೋವ' ಎಂಬ ರೂಪ ಹುಟ್ಟಿತು.

'ರೋಯಿ' ಎಂಬುದನ್ನು ನಾವು 'ನನ್ನ ಕುರುಬ' ಎನ್ನುತ್ತೇವೆ. ಕನ್ನಡದಲ್ಲಿ ಕುರುಬ ಎಂಬುದು ಕಸುಬಿನ ಹೆಸರೂ ಹೌದು, ಸಮುದಾಯದ ಹೆಸರೂ ಹೌದು. ಹೀಬ್ರೂವಿನಲ್ಲಿ ಇರುವುದು ಕ್ರಿಯಾಪದದಿಂದ ಬಂದ ಕೃದಂತ: 'ಮೇಯಿಸುತ್ತಿರುವವನು'. ಕೆಲಸ ಈಗ ನಡೆಯುತ್ತಿದೆ. 'ಯೆಹೋವನು ನನ್ನನ್ನು ಮೇಯಿಸುವವನು' ಎಂದು ಒಮ್ಮೆ ಬರೆದು ನೋಡಿ, ಎರಡನೆಯ ವಚನದ ಹುಲ್ಲು ನೀರು ಅದರ ಹಿಂದೆಯೇ ಬರುತ್ತವೆ.

'ಹಾಸೆರ್' (2637) ಕೊರತೆಯಾಗು. 'ಲೋ ಎಹ್ಸಾರ್' ಎಂಬ ಕ್ರಿಯಾರೂಪಕ್ಕೆ ಇಂಥದೇ ಕಾಲ ಎಂಬುದಿಲ್ಲ. ಕೊರತೆಯಿಲ್ಲ, ಕೊರತೆಯಾಗದು, ಎರಡೂ ಸಲ್ಲುತ್ತವೆ. ಇಂಗ್ಲಿಷ್‌ನವರು ವರ್ತಮಾನವೋ ಭವಿಷ್ಯವೋ ಎಂದು ತಿಣುಕುವ ಈ ಜಾಗದಲ್ಲಿ ಕನ್ನಡಕ್ಕೆ ಹಳೆಯ ನಿಷೇಧರೂಪದ ಅನುಕೂಲವಿದೆ. ಅರಿಯೆನು, ಒಲ್ಲೆನು, ಕಾಣೆನು ಎಂಬಂತೆ 'ಕೊರತೆಪಡೆನು', 'ಹೆದರೆನು'. ಈ ರೂಪಗಳಲ್ಲೂ ಕಾಲಸೂಚಕ ಪ್ರತ್ಯಯವಿಲ್ಲ. ಹಳೆಯ ಕನ್ನಡ ಬೈಬಲಿನ ಭಾಷೆ ಬಿಗುವು ಎಂದು ದೂರುವವರು ಇಲ್ಲಿ ಸ್ವಲ್ಪ ತಡೆಯಬೇಕು.

ಈಗ ಈ ಕ್ರಿಯಾಪದ ಇನ್ನೆಲ್ಲಿದೆ ಎಂದು ಪಟ್ಟಿ ತೆಗೆಯಿರಿ. ಧರ್ಮೋಪದೇಶಕಾಂಡ 2:7ರಲ್ಲಿ ಮೋಶೆ ಹೇಳುತ್ತಾನೆ: ಈ ನಲವತ್ತು ವರ್ಷ ನಿನ್ನ ದೇವರಾದ ಯೆಹೋವನು ನಿನ್ನ ಜೊತೆಗಿದ್ದನು, ನಿನಗೆ ಏನೂ ಕೊರತೆಯಾಗಲಿಲ್ಲ. ನೆಹೆಮೀಯ 9:21ರಲ್ಲೂ ಅದೇ ನಲವತ್ತು ವರ್ಷ, ಅದೇ ಅಡವಿ, ಅದೇ ಕ್ರಿಯಾಪದ. ಈ ಎರಡು ವಚನಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬೇರೆಯಾಗಿ ಬರೆದಿಡಿ. ಇವು ಮತ್ತೆ ಬೇಕಾಗುತ್ತವೆ.

ಹುಲ್ಲು, ನೀರು

'ದೆಷೆ' ಎಳೆ ಹುಲ್ಲು. ಆದಿಕಾಂಡ 1:11ರಲ್ಲಿ ಭೂಮಿ ಮೊದಲು ಮೊಳೆಸುವುದು ಇದನ್ನೇ. 'ನೆಓತ್' (4999) ಗಾವಲುಗಳು. ಪಟ್ಟಿಯಲ್ಲಿ ಯೋವೇಲ 2:22, ಕೀರ್ತನೆ 65:12 ನೋಡಿದರೆ ಅದರ ಜೊತೆ ಬರುವ ಪದ 'ಮಿದ್ಬಾರ್', ಅಡವಿ. ಯೂದಾಯದ ಅಡವಿಯಲ್ಲಿ ಚಳಿಗಾಲದ ಮಳೆಯ ಬೆನ್ನಿಗೆ ಸ್ವಲ್ಪ ಕಾಲ ಇಳಿಜಾರುಗಳು ಹಸಿರಾಗಿ, ಬೇಸಿಗೆಗೆ ಮತ್ತೆ ಕಂದಾಗುತ್ತವೆ. ಕ್ಯಾಲೆಂಡರ್ ಚಿತ್ರಗಳ ಹಚ್ಚಹಸಿರು ಬಯಲನ್ನು ತಲೆಯಿಂದ ತೆಗೆದುಹಾಕಿ. ಮಲೆನಾಡಲ್ಲ, ಬಯಲುಸೀಮೆಯಲ್ಲಿ ಕುರಿ ಹಿಂಡಿನ ಹಿಂದೆ ಮೇವು ಹುಡುಕುತ್ತ ಅಲೆಯುವವರ ಹುಲ್ಲು ಇದು.

'ರಾಬಾತ್ಸ್' (7257) ಹೆಚ್ಚಾಗಿ ಪ್ರಾಣಿ ಕಾಲು ಮಡಚಿ ಮಲಗುವುದಕ್ಕೆ ಬಳಸುವ ಪದ. ಆದಿಕಾಂಡ 29:2ರಲ್ಲಿ ಬಾವಿಯ ಬಳಿ ಹಿಂಡುಗಳು ಹೀಗೆ ಮಲಗಿವೆ. ಇಲ್ಲಿ ಹಿಫೀಲ್ ಅಚ್ಚು, ಆದ್ದರಿಂದ 'ಮಲಗಿಸುತ್ತಾನೆ'. ಅದೇ ಪದ ಆದಿಕಾಂಡ 4:7ರಲ್ಲಿ ಬಾಗಿಲಲ್ಲಿ ಹೊಂಚುಹಾಕಿ ಕುಳಿತ ಪಾಪಕ್ಕೂ ಬಂದಿದೆ. ಆ ನೆರಳನ್ನು ಇಲ್ಲಿಗೆ ಎಳೆದು ತರಬೇಡಿ. ಅಲ್ಲಿ ಮಲಗಿರುವುದು ಬೇಟೆಮೃಗ, ಇಲ್ಲಿ ಕುರಿ.

'ಮೇ ಮೆನುಹೋತ್' ಎಂಬುದನ್ನು 'ವಿಶ್ರಾಂತಿಯ ನೀರು' ಎಂದೋ 'ಶಾಂತವಾದ ನೀರು' ಎಂದೋ ಅನುವಾದಿಸುತ್ತಾರೆ. 'ಮೆನುಹಾ' (4496) ತಂಗುದಾಣ, ನೆಲೆ. ರೂತಳು 1:9ರಲ್ಲಿ ನೊವೊಮಿ ಸೊಸೆಯರಿಗೆ ಹಾರೈಸುವುದು ಗಂಡನ ಮನೆಯಲ್ಲಿ ಸಿಗುವ ಮೆನುಹಾ. ಧರ್ಮೋಪದೇಶಕಾಂಡ 12:9ರಲ್ಲಿ ಅದು ವಾಗ್ದಾನದ ನಾಡು. ಅರಣ್ಯಕಾಂಡ 10:33ರಲ್ಲಿ ಮಂಜೂಷವು (ದೇವರ ಒಡಂಬಡಿಕೆಯ ಪೆಟ್ಟಿಗೆ) ಮೂರು ದಿನದ ದಾರಿ ಮುಂದೆ ಹೋಗಿ ಜನರಿಗಾಗಿ ಹುಡುಕುವುದೂ ಮೆನುಹಾವನ್ನೇ. ಮತ್ತೆ ಅಡವಿಯ ಪ್ರಯಾಣ. ಕೊನೆಯ ಪುಟಕ್ಕೆ ಇನ್ನೊಂದು ಸಾಲು.

'ನಾಹಲ್' ಎಷ್ಟು ಮೆಲ್ಲಗಿನ ನಡಿಗೆ ಎಂದು ತಿಳಿಯಲು ಆದಿಕಾಂಡ 33:14 ಓದಿ. ಮಕ್ಕಳೂ ಮರಿಗಳೂ ಇವೆ, ಅವುಗಳ ಕಾಲಿಗೆ ತಕ್ಕಂತೆ ಬರುತ್ತೇನೆ ಎಂದು ಯಾಕೋಬನು ಏಸಾವನಿಗೆ ಹೇಳುವಾಗಿನ ಪದ ಅದು. ಯೆಶಾಯ 40:11ರಲ್ಲಿ ಹಾಲೂಡಿಸುವ ಕುರಿಗಳನ್ನು ನಡೆಸುವುದಕ್ಕೂ ಅದೇ.

ಹೋದ ಜೀವ

'ನೆಫೆಷ್' (5315) ಎಂಬುದಕ್ಕೆ 'ಆತ್ಮ' ಎಂದು ಬರೆದುಕೊಂಡರೆ ನಮ್ಮ ವೇದಾಂತದ ಆತ್ಮ ಒಳಗೆ ಬಂದು ಕೂತುಬಿಡುತ್ತದೆ. ಹುಟ್ಟಿಲ್ಲದ್ದು, ಸಾವಿಲ್ಲದ್ದು, ಹಸಿವು ನೀರಡಿಕೆ ಸೋಕದ್ದು. ಹೀಬ್ರೂ ನೆಫೆಷ್‌ಗೆ ಹಸಿವೂ ಆಗುತ್ತದೆ, ಬಾಯಾರಿಕೆಯೂ ಆಗುತ್ತದೆ. ಕೀರ್ತನೆ 69:1ರಲ್ಲಿ ನೀರು ನೆಫೆಷ್‌ವರೆಗೆ ಏರಿದೆ, ಅಂದರೆ ಕುತ್ತಿಗೆಯವರೆಗೆ. ಯೆಶಾಯ 5:14ರಲ್ಲಿ ಪಾತಾಳವು ತನ್ನ ನೆಫೆಷನ್ನು ಅಗಲಿಸುತ್ತದೆ, ಅಂದರೆ ಗಂಟಲನ್ನು. ಗಂಟಲು, ಉಸಿರು, ಜೀವ, ಕೊನೆಗೆ 'ನಾನು' ಎಂಬಲ್ಲಿಗೆ ಈ ಪದ ಬೆಳೆಯುತ್ತದೆ. ಕನ್ನಡದಲ್ಲಿ ಹತ್ತಿರದ್ದು 'ಜೀವ' ಅಥವಾ 'ಪ್ರಾಣ'.

ಅದರ ಜೊತೆಗಿನ ಕ್ರಿಯಾಪದ 'ಶೂವ್' (7725), ಮರಳು. ಇಲ್ಲಿನ ರೂಪ 'ಯೆಶೋವೇವ್', ಮರಳಿ ತರುತ್ತಾನೆ. ಪ್ರಲಾಪಗಳು 1:11ರಲ್ಲಿ ಮುತ್ತಿಗೆಯಿಂದ ಹಸಿದ ಜನರು ಒಡವೆ ಕೊಟ್ಟು ಅನ್ನ ಕೊಂಡು ನೆಫೆಷನ್ನು ಮರಳಿ ತಂದುಕೊಳ್ಳುತ್ತಾರೆ. ನಾವು ದಿನವೂ ಆಡುವ 'ಹೋದ ಜೀವ ಬಂತು' ಎಂಬ ಮಾತು ಇದಕ್ಕೆ ಹೇಳಿ ಮಾಡಿಸಿದಂತಿದೆ. ಬಿಸಿಲಲ್ಲಿ ನಡೆದು ಬಂದವರಿಗೆ ಮಜ್ಜಿಗೆ ಕೊಟ್ಟಾಗ ಆಡುವ ಮಾತು. ಅಷ್ಟು ಮೈಗೆ ಹತ್ತಿದ ಅರ್ಥ ಮೂಲದಲ್ಲೂ ಇದೆ.

'ಮಆಗ್ಲೇ ತ್ಸೆದೆಕ್' ಎಂಬುದು ನೀತಿಮಾರ್ಗ. 'ಮಆಗಾಲ್' (4570) ಗಾಡಿ ಓಡಾಡಿ ಬಿದ್ದ ಜಾಡು. ಗಾಡಿಗೆ ಹೀಬ್ರೂವಿನಲ್ಲಿ 'ಅಗಾಲಾ', ಅದೇ ಕುಟುಂಬ. 'ತ್ಸೆದೆಕ್' ನೀತಿಯೂ ಹೌದು, ಸರಿಯಾದದ್ದೂ ಹೌದು. ಕುರಿಗೆ ಸರಿಯಾದ ದಾರಿ, ಮನುಷ್ಯನಿಗೆ ನೀತಿಯ ದಾರಿ. ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸುವ ಅಗತ್ಯ ಕವಿಗೆ ಇರಲಿಲ್ಲ.

ಕಾರ್ಗತ್ತಲೋ, ಸಾವಿನ ನೆರಳೋ

ಇಡೀ ಕೀರ್ತನೆಯಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ ಪದ ನಾಲ್ಕನೆಯ ವಚನದ 'ತ್ಸಲ್ಮಾವೆತ್' (6757). ಸ್ವರಚಿಹ್ನೆಗಳ ಪ್ರಕಾರ ಓದಿದರೆ ಇದು 'ತ್ಸೇಲ್' (ನೆರಳು) ಮತ್ತು 'ಮಾವೆತ್' (ಸಾವು) ಸೇರಿದ ಸಮಾಸ. ಗ್ರೀಕ್ ಅನುವಾದಕರು ಹಾಗೆಯೇ 'ಸಾವಿನ ನೆರಳು' ಎಂದರು. ಅನೇಕ ಭಾಷೆಗಳಲ್ಲಿ ಆ ಮಾತೇ ನಿಂತಿತು. ಆದರೆ ಹೀಬ್ರೂ ಸಾಮಾನ್ಯ ನಾಮಪದಗಳಲ್ಲಿ ಇಂಥ ಸಮಾಸ ಬಹಳ ವಿರಳ. ಮೂಲದಲ್ಲಿ ಬರೆದದ್ದು ವ್ಯಂಜನ ಮಾತ್ರ, ಸ್ವರಚಿಹ್ನೆಗಳು ಎಷ್ಟೋ ಶತಮಾನಗಳ ನಂತರ ಸೇರಿದವು. ಹೀಬ್ರೂವಿಗೆ ನಂಟಿರುವ ಪ್ರಾಚೀನ ಅಕ್ಕಾಡಿಯನ್ ಭಾಷೆಯಲ್ಲಿ ಇದೇ ವ್ಯಂಜನಗಳ ಧಾತು 'ಕಪ್ಪಾಗು' ಎಂಬ ಅರ್ಥ ಕೊಡುತ್ತದೆ. ಆದ್ದರಿಂದ ಮೊದಲು ಇದು 'ತ್ಸಲ್ಮೂತ್', ಕಡುಗತ್ತಲು, ಎಂದಿದ್ದಿರಬೇಕು ಎಂಬ ವಾದ ಬಂತು.

ಯಾರ ಮಾತು ಸರಿ ಎಂದು ಕೇಳುವ ಮೊದಲು ಪಟ್ಟಿ ತೆಗೆಯಿರಿ. ಪದ ಬಂದಿರುವುದು 18 ಸಲ, ಅದರಲ್ಲಿ 10 ಯೋಬನ ಪುಸ್ತಕದಲ್ಲಿ. ಹದಿನೆಂಟನ್ನೂ ಒಂದೇ ಕೂತಲ್ಲಿ ಓದಬಹುದು, ಓದಲೇಬೇಕು. ಆಮೋಸ 5:8ರಲ್ಲಿ ದೇವರು ತ್ಸಲ್ಮಾವೆತನ್ನು ಮುಂಜಾನೆಯಾಗಿ ಮಾರ್ಪಡಿಸುತ್ತಾನೆ. ಯೋಬ 28:3ರಲ್ಲಿ ಗಣಿ ಅಗೆಯುವವರು ನೆಲದೊಳಗಿನ ತ್ಸಲ್ಮಾವೆತ್‌ನಲ್ಲಿ ಅದಿರು ಹುಡುಕುತ್ತಾರೆ. ಇವೆರಡರಲ್ಲೂ ಕತ್ತಲು ಎಂದರೆ ಸಾಕು. ಆದರೆ ಯೋಬ 38:17ರಲ್ಲಿ 'ಸಾವಿನ ಬಾಗಿಲು'ಗಳಿಗೆ ಎದುರಾಗಿ 'ತ್ಸಲ್ಮಾವೆತಿನ ಬಾಗಿಲು'ಗಳು ಬರುತ್ತವೆ. ಅಲ್ಲಿ ಸಾವು ಬಲು ಸಮೀಪ. ಯೆರೆಮೀಯ 2:6 ಮತ್ತೂ ಮುಖ್ಯ: ಐಗುಪ್ತದಿಂದ ಬಂದವರನ್ನು ದೇವರು ನಡೆಸಿದ ನಾಡು ನೀರಿಲ್ಲದ, ತ್ಸಲ್ಮಾವೆತ್‌ನ ನಾಡು. ಕೊನೆಯ ಪುಟಕ್ಕೆ ಇದೂ ಸೇರಲಿ.

ಹೀಗೆ ಓದಿದ ಮೇಲೆ 'ಕಾರ್ಗತ್ತಲು' ಎಂಬ ಕನ್ನಡ ಪದದ ಬಗ್ಗೆ ಗೌರವ ಹೆಚ್ಚುತ್ತದೆ. ಅದು ಸಾವನ್ನು ಹೆಸರಿಸುವುದಿಲ್ಲ, ದೂರವೂ ಇಡುವುದಿಲ್ಲ. ಸಾವಿನ ಮನೆಯಲ್ಲಿ ಮಾತ್ರ ಓದುವ ಕೀರ್ತನೆ ಇದು ಎಂಬ ರೂಢಿಗೆ 'ಸಾವಿನ ನೆರಳು' ಎಂಬ ಅನುವಾದದ ಕೊಡುಗೆ ದೊಡ್ಡದು.

'ಗಯ್' (1516) ಇಕ್ಕಟ್ಟಾದ ಕಣಿವೆ, ಕಮರಿ ಎಂದರೂ ಆದೀತು. ಅಗಲವಾದ ಕಣಿವೆಗೆ ಹೀಬ್ರೂವಿನಲ್ಲಿ 'ಎಮೆಕ್' ಎಂಬ ಬೇರೆ ಪದವಿದೆ. ಇಕ್ಕೆಲದ ಬಂಡೆ ಬಿಸಿಲನ್ನು ತಡೆಯುವ ಇಂಥ ಕಡೆ ಹಗಲಲ್ಲೂ ಕತ್ತಲೇ.

'ಕಿ ಅತ್ತಾ ಇಮ್ಮಾದಿ', ನೀನು ನನ್ನ ಜೊತೆ ಇದ್ದೀಯ. ಇಲ್ಲಿಯವರೆಗೆ 'ಆತನು' ಎನ್ನುತ್ತಿದ್ದ ಕವಿ ಕತ್ತಲಿಗೆ ಬಂದೊಡನೆ 'ನೀನು' ಎನ್ನುತ್ತಾನೆ. ಈ ಮೂರು ಪದಗಳ ಹಿಂದೆ 26 ಪದ, ಮುಂದೆ 26 ಪದ. ತಲೆಬರಹ ಬಿಟ್ಟು ನೀವೇ ಎಣಿಸಿ ನೋಡಿ. ಯೆಹೋವ ಎಂಬ ನಾಲ್ಕು ಅಕ್ಷರಗಳ ಸಂಖ್ಯಾಬೆಲೆಯೂ 26 (10, 5, 6, 5) ಎಂದು ಕೆಲವರು ಸೇರಿಸುತ್ತಾರೆ. ಎಣಿಕೆ ನಿಜ, ಕವಿ ಅದನ್ನು ಬೇಕೆಂದೇ ಮಾಡಿದನೆಂದು ಸಾಧಿಸಲಾಗದು. ನಡುವಿನ ಮಾತು ಇದು ಎಂಬುದಷ್ಟನ್ನು ಇಟ್ಟುಕೊಂಡು ಮುಂದೆ ಹೋಗಿ. ಧರ್ಮೋಪದೇಶಕಾಂಡ 2:7ರಲ್ಲೂ 'ಕೊರತೆಯಾಗಲಿಲ್ಲ' ಎಂಬುದರ ಪಕ್ಕದಲ್ಲಿ 'ನಿನ್ನ ಜೊತೆ' ಇತ್ತು ಎಂಬುದು ಹೆಚ್ಚು ಬೆಲೆಯ ಸುಳಿವು.

'ಶೇವೆತ್' (7626) ದೊಣ್ಣೆ. ಯಾಜಕಕಾಂಡ 27:32ರಲ್ಲಿ ಕುರಿಗಳನ್ನು ಅದರ ಕೆಳಗೆ ಹಾಯಿಸಿ ಎಣಿಸುತ್ತಾರೆ. ಅದಕ್ಕೆ 'ಕುಲ' ಎಂಬ ಅರ್ಥವೂ ಉಂಟು, ಇಲ್ಲಿ ಅದಕ್ಕೆ ಕೆಲಸವಿಲ್ಲ. 'ಮಿಷ್‌ಎನೆತ್' ಊರುಗೋಲು.

ಎಣ್ಣೆ ಮತ್ತು ಬಟ್ಟಲು

ಐದನೆಯ ವಚನದಲ್ಲಿ ಕುರುಬ ಹೋಗಿ ಆತಿಥೇಯ ಬರುತ್ತಾನೆ. 'ತಲೆಗೆ ಎಣ್ಣೆ' ಎಂದೊಡನೆ ಅರಸನ ಅಭಿಷೇಕ, ಮೆಸ್ಸೀಯ ಎಂದು ಓಡುವುದು ಸಾಮಾನ್ಯ ತಪ್ಪು. ಅಭಿಷೇಕದ ಕ್ರಿಯಾಪದ 'ಮಾಷಹ್' (4886), 'ಮೆಸ್ಸೀಯ' ಬಂದದ್ದು ಅದರಿಂದ. ಇಲ್ಲಿರುವುದು 'ದಾಷೇನ್' (1878), ಕೊಬ್ಬು, ಜಿಡ್ಡು. ಪಿಯೇಲ್ ಅಚ್ಚಿನಲ್ಲಿ 'ಜಿಡ್ಡಾಗುವಂತೆ ಹಚ್ಚು'. ಬಿಸಿಲಲ್ಲಿ ಬಂದ ಅತಿಥಿಯ ತಲೆಗೆ ಧಾರಾಳವಾಗಿ ಎಣ್ಣೆ. ಹಬ್ಬದ ದಿನ ಹಿರಿಯರು ನೆತ್ತಿಗೆ ಎಣ್ಣೆ ತಟ್ಟುವುದನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

'ಕೋಸಿ ರೆವಾಯಾ' ಎಂಬಲ್ಲಿ ಕ್ರಿಯಾಪದವೇ ಇಲ್ಲ: 'ನನ್ನ ಬಟ್ಟಲು, ತಣಿವು'. ಅದರ ಧಾತುವನ್ನೇ ಯೆಶಾಯ 55:10 ಮಳೆಯು ನೆಲವನ್ನು ತೋಯಿಸುವುದಕ್ಕೆ ಬಳಸುತ್ತದೆ. 'ರೆವಾಯಾ' (7310) ಬಂದಿರುವ ಇನ್ನೊಂದೇ ಕಡೆ ಕೀರ್ತನೆ 66:12, ಬೆಂಕಿಯನ್ನೂ ನೀರನ್ನೂ ದಾಟಿದ ಮೇಲೆ ಸಿಕ್ಕ ಸಮೃದ್ಧಿಗೆ. 'ಮೇಜು ಸಿದ್ಧಪಡಿಸು' ಎಂಬ ಜೋಡಿಗೆ ಕೀರ್ತನೆ 78:19 ನೋಡಿ: ದೇವರು ಅಡವಿಯಲ್ಲಿ ಮೇಜು ಸಿದ್ಧಪಡಿಸಬಲ್ಲನೋ ಎಂದು ಗೊಣಗಿದವರ ಪ್ರಶ್ನೆ. ಪದಗಳೂ ಅವೇ.

ಬೆನ್ನಟ್ಟುವ ಒಳ್ಳೆಯದು

ಆರನೆಯ ವಚನದ 'ರಾದಫ್' (7291) 'ಹಿಂಬಾಲಿಸು' ಎಂಬಷ್ಟು ಮೆದುವಲ್ಲ. ಬೆನ್ನಟ್ಟು, ಅಟ್ಟಿಸಿಕೊಂಡು ಬಾ. ವಿಮೋಚನಕಾಂಡ 14ರಲ್ಲಿ ಫರೋಹನ ರಥಗಳು ಮಾಡಿದ್ದು ಇದನ್ನೇ. ಧರ್ಮೋಪದೇಶಕಾಂಡ 28:45ರಲ್ಲಿ ಶಾಪಗಳು ಜನರನ್ನು ಬೆನ್ನಟ್ಟುತ್ತವೆ. ಹಿಂದಿನ ಸಾಲಿನಲ್ಲೇ ಶತ್ರುಗಳ ಮಾತು ಬಂದಿದೆ, ಈಗ ಬೆನ್ನಟ್ಟುವವರು ಯಾರು ನೋಡಿದರೆ 'ತೋವ್' (ಒಳ್ಳೆಯದು) ಮತ್ತು 'ಹೆಸೆದ್'.

'ಹೆಸೆದ್' (2617) ಪಟ್ಟಿ ಸುಮಾರು 250 ಸಲದಷ್ಟು ಉದ್ದ. ಎಲ್ಲ ಓದಲು ಹೋಗಬೇಡಿ. ರೂತಳು ಪುಸ್ತಕದ ಮೂರು ಕಡೆ (1:8, 2:20, 3:10), ವಿಮೋಚನಕಾಂಡ 34:6, ಮತ್ತು ಅದೇ ಪಲ್ಲವಿಯನ್ನು 26 ಸಲ ಹಾಡುವ ಕೀರ್ತನೆ 136 ಸಾಕು. ಕೃಪೆ, ಕರುಣೆ ಎಂಬ ಪದಗಳು ಮೇಲಿನವನು ಕೆಳಗಿನವನಿಗೆ ತೋರುವ ಮರುಕದ ಕಡೆ ವಾಲುತ್ತವೆ. ಹೆಸೆದ್‌ನಲ್ಲಿ ಮಾತು ಕೊಟ್ಟವನು ಕೈಬಿಡದಿರುವ ನಂಟು ಇದೆ. 'ಕೈಬಿಡದ ಒಲವು' ಎಂದು ಎರಡು ಪದ ಖರ್ಚು ಮಾಡಿದರೂ ನಷ್ಟವಿಲ್ಲ.

ಕೊನೆಯ ಸಾಲಿನಲ್ಲಿ ಪಠ್ಯದ ತೊಡಕು ಒಂದಿದೆ. 'ವಾಸಿಸುವೆನು' ಎಂದು ನಾವು ಓದುವ ಕಡೆ ಹೀಬ್ರೂ ಪ್ರತಿಯ ಸ್ವರಗಳು 'ವೆಶವ್ತಿ', 'ಮರಳುವೆನು' ಎನ್ನುತ್ತವೆ. ಆದರೆ ಮುಂದಿನ ಪದ 'ಮನೆಗೆ' ಎಂದಲ್ಲ, 'ಮನೆಯಲ್ಲಿ' ಎಂದಿದೆ. ಗ್ರೀಕ್ ಅನುವಾದಕರು 'ವಾಸ' ಎಂದೇ ಓದಿಕೊಂಡರು. ವ್ಯಂಜನಗಳು ಎರಡಕ್ಕೂ ಒಪ್ಪುತ್ತವೆ. ಮೂರನೆಯ ವಚನದ 'ಮರಳಿ ತರುತ್ತಾನೆ' ಇಲ್ಲಿ ಮತ್ತೆ ಮೊಳಗುವುದರಿಂದ ಅಂಚಿನಲ್ಲಿ 'ಮರಳಿ ಬಂದು' ಎಂದು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅಲೆಪ್ಪೊ ಕೋಡೆಕ್ಸ್ ಎಂಬ ಹೆಸರಾಂತ ಹಸ್ತಪ್ರತಿ ಇಲ್ಲಿ ನೆರವಿಗೆ ಬಾರದು, ಈ ಕೀರ್ತನೆ ಇದ್ದ ಹಾಳೆಗಳು ಅದರಲ್ಲಿ ಕಳೆದುಹೋಗಿವೆ. 'ಒರೆಖ್ ಯಾಮೀಮ್' ಎಂದರೆ ಅಕ್ಷರಶಃ 'ದಿನಗಳ ಉದ್ದ'. 'ಸದಾಕಾಲ' ಎಂಬುದು ಅನುವಾದಕರ ವಿಸ್ತರಣೆ.

ಕೊನೆಯ ಪುಟ

ಈಗ ಬೇರೆಯಾಗಿ ಬರೆದಿಟ್ಟ ವಚನಗಳನ್ನು ಒಟ್ಟಿಗೆ ಓದಿ. ಅವುಗಳ ಕೆಳಗೆ ವಿಮೋಚನಕಾಂಡ 15:13 ಸೇರಿಸಿ. ಸಮುದ್ರ ದಾಟಿದವರ ಆ ಹಾಡಿನ ಒಂದೇ ವಚನದಲ್ಲಿ ಹೆಸೆದ್ ಇದೆ, ನಾಹಲ್ ಇದೆ, ನಮ್ಮ ಮೂರನೆಯ ವಚನದ 'ನಾಹಾ' (5148, ದಾರಿ ತೋರಿ ನಡೆಸು) ಇದೆ, ಗಾವಲಿಗೂ ಬೀಡಿಗೂ ಸಲ್ಲುವ 'ನಾವೆಹ್' ಇದೆ. ಕೊರತೆಯಿಲ್ಲದ ನಲವತ್ತು ವರ್ಷ, ತಂಗುದಾಣ, ಕತ್ತಲ ನಾಡು, ಅಡವಿಯ ಮೇಜು, ಬೆನ್ನಟ್ಟಿದವರು: ಒಬ್ಬನ ಬಾಯಲ್ಲಿ 'ನಾನು' 'ನನ್ನ' ಎಂದು ಕೇಳುವ ಕೀರ್ತನೆಯ ಅಡಿಯಲ್ಲಿ ಇಡೀ ಜನಾಂಗದ ದಾರಿ ಕಾಣುತ್ತದೆ. ಇವುಗಳಲ್ಲಿ ಕೆಲವು ಕುರಿ ಸಾಕುವವರ ದಿನಬಳಕೆಯ ಪದಗಳೇ ಆದ್ದರಿಂದ ಒಂದೊಂದನ್ನೇ ಹಿಡಿದು ಹಟ ಮಾಡಬಾರದು. ಇಷ್ಟೊಂದು ಒಟ್ಟಿಗೆ ಬಂದಿರುವುದನ್ನು ಮಾತ್ರ ಕಾಕತಾಳೀಯ ಎಂದು ತಳ್ಳಿಹಾಕುವುದು ಕಷ್ಟ.

ಕಡೆಗೆ ನಿಮ್ಮ ಅನುವಾದ ಬರೆಯಿರಿ. ಪ್ರತಿ ಪದಕ್ಕೂ ನೋಟ್‌ಬುಕ್ಕಿನ ಮೂರರಲ್ಲಿ ಒಂದೇ ಆರಿಸಿ, ಆವರಣದಲ್ಲಿ ವಿವರಣೆ ಹಾಕಬೇಡಿ. ಜೋರಾಗಿ ಓದಿ. ಹೀಬ್ರೂವಿನಲ್ಲಿ 'ನನ್ನನ್ನು' ಎಂಬುದು ಕ್ರಿಯಾಪದದ ತುದಿಯಲ್ಲಿ 'ನಿ' ಎಂದು ಅಂಟಿಕೊಂಡು ಐದು ಸಲ ಬರುತ್ತದೆ: ಯರ್ಬಿತ್ಸೇನಿ, ಯೆನಹಲೇನಿ, ಯನ್ಹೇನಿ, ಯೆನಹಮುನಿ, ಯಿರ್ದೆಫುನಿ. ನಿಮ್ಮ ಕನ್ನಡದಲ್ಲೂ ಆ 'ನನ್ನನ್ನು' ಐದು ಸಲ ಕಿವಿಗೆ ಬೀಳುತ್ತದೆಯೇ ಎಂದು ಎಣಿಸಿ. ಮುಂದಿನ ವಾರಕ್ಕೆ 27ನೆಯ ಕೀರ್ತನೆ ತೆಗೆದುಕೊಳ್ಳಿ. ಅದರ ನಾಲ್ಕನೆಯ ವಚನದಲ್ಲಿ 'ಯೆಹೋವನ ಮನೆಯಲ್ಲಿ ನನ್ನ ವಾಸ, ನನ್ನ ಜೀವಮಾನದ ದಿನಗಳೆಲ್ಲ' ಎಂದು, ಇಲ್ಲಿ ಅನುಮಾನಕ್ಕೆ ಎಡೆಮಾಡಿದ ಅದೇ ವ್ಯಂಜನಗಳು 'ವಾಸ' ಎಂಬ ಅರ್ಥದಲ್ಲಿ ನಿಂತಿವೆ.